ಬೀಳ್ಕೊಡುಗೆಯ ದಿನದ ಲೆಕ್ಕ: ನ್ಯಾಸಧರ್ಮವನ್ನು ಕುರಿತು ಒಂದು ಚಿಂತನೆ

ಗೃಹಸ್ಥನಾದವನು ತನ್ನದಲ್ಲದ ವಸ್ತುವನ್ನು ತನ್ನ ಕೈಯಲ್ಲಿ ಇಟ್ಟುಕೊಳ್ಳಬೇಕಾದ ಪ್ರಸಂಗಗಳು ಅನೇಕ. ಪರಸ್ಥಳಕ್ಕೆ ಹೋದ ನೆರೆಯವರ ಮನೆಯ ಕೀಲಿಕೈ, ತಂದೆಯಿಲ್ಲದ ಸೋದರಳಿಯನ ಹೊಲದ ಕಾಗದಪತ್ರ, ರೈತನು ಅಂಗಡಿಯಲ್ಲಿ ನಂಬಿ ಇಟ್ಟುಹೋದ ಹಣ, ಬಸದಿಯ ಬೆಳ್ಳಿಯ ಉಪಕರಣ, ಊರ ವಾಚನಾಲಯದ ಪುಸ್ತಕ, ಇವೆಲ್ಲವೂ ಒಂದೇ ಜಾತಿಗೆ ಸೇರಿದವು. ನಮ್ಮ ಆಚಾರ್ಯರು ಇದನ್ನು ‘ನ್ಯಾಸ’ವೆಂದು ಕರೆದರು. ನ್ಯಾಸವನ್ನು ಕಾಪಾಡುವುದು ಹೇಗೆಂಬುದನ್ನು ನಾವು ಸಾಕಷ್ಟು ಚರ್ಚಿಸುತ್ತೇವೆ. ಅದನ್ನು ಬಿಟ್ಟುಕೊಡುವುದು ಹೇಗೆಂಬುದನ್ನು ಚರ್ಚಿಸುವುದು ಕಡಿಮೆ. ಖಾನಾಪುರ ತಾಲೂಕಿನ ನಮ್ಮ ಮೂಲ ಗ್ರಾಮದಲ್ಲಿ ಕಳೆದ ಮಾಘಮಾಸದಲ್ಲಿ ನಡೆದ ಒಂದು ಸಣ್ಣ ಸಮಾರಂಭವು ಈ ಪ್ರಶ್ನೆಯನ್ನು ನನ್ನ ಮುಂದೆ ತಂದು ನಿಲ್ಲಿಸಿತು. ಅದರಿಂದ ನಾನು ಕಲಿತುದನ್ನೂ, ಕಲಿಯುವ ಮೊದಲು ನಾನು ಎಲ್ಲಿ ತಪ್ಪಿದ್ದೆನೆಂಬುದನ್ನೂ ವಾಚಕ ಬಂಧುಗಳ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಆ ಗ್ರಾಮದ ಗ್ರಂಥಾಲಯವನ್ನು 32 ವರ್ಷ ನೋಡಿಕೊಂಡ ಮೇಲ್ವಿಚಾರಕರು ವಯೋಮಿತಿ ಮುಗಿದು ನಿವೃತ್ತರಾಗುವವರಿದ್ದರು. ಊರವರು ಅವರನ್ನು ‘ಲೈಬ್ರರಿ ಮಾಸ್ತರ’ ಎಂದೇ ಕರೆಯುತ್ತಾರೆ. ಸಮಾರಂಭಕ್ಕೆ ಒಂದು ವಾರ ಮೊದಲು ಅವರು ಬೆಳಗಾವಿಯ ರವಿವಾರ ಪೇಟೆಯಲ್ಲಿರುವ ನನ್ನ ಅಂಗಡಿಗೆ ಬಂದರು. ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ದೊಡ್ಡ ವಹಿ. ಆಮಂತ್ರಣ ಕೊಡಲು ಬಂದಿರಬೇಕೆಂದು ಭಾವಿಸಿ ಕುಳ್ಳಿರಿಸಿದೆ.

“ಸಾವಕಾರ್ರ, ನಿಮ್ಮ ತಂದ್ಯಾರು ಕೊಟ್ಟ ಪುಸ್ತಕದ ಲೆಕ್ಕಾ ಒಪ್ಪಿಸಿ ಹೋಗೂಣಂತ ಬಂದೀನ್ರಿ” ಎಂದರು.

ನನ್ನ ತೀರ್ಥರೂಪರು 1996ರಲ್ಲಿ ಆ ಗ್ರಂಥಾಲಯಕ್ಕೆ ಒಂದು ಕಪಾಟನ್ನೂ ಕೆಲವು ಕನ್ನಡ, ಮರಾಠಿ ಪುಸ್ತಕಗಳನ್ನೂ ಕೊಟ್ಟಿದ್ದರು. ಅವರು ತೀರಿಕೊಂಡು ಎರಡು ದಶಕಗಳು ಕಳೆದಿವೆ. ನನಗೆ ಆ ವಿಷಯವೇ ಮರೆತಂತಾಗಿತ್ತು. “ಒಂದೂವರೆ ನೂರು ಇದ್ದಿರಬೇಕಲ್ಲ, ಮಾಸ್ತರ” ಎಂದೆ.

“ಇಲ್ರೀ, ಎರಡ್ನೂರಾ ಹದಿನಾಕ” ಎಂದು ಅವರು ವಹಿಯನ್ನು ಬಿಚ್ಚಿದರು.

ಗ್ರಂಥಾಲಯಕ್ಕೆ ಬಂದ ಪ್ರತಿಯೊಂದು ಪುಸ್ತಕವನ್ನೂ ಕ್ರಮಸಂಖ್ಯೆ ಕೊಟ್ಟು ಬರೆದಿಡುವ ವಹಿ ಅದು. ಗ್ರಂಥಾಲಯದವರ ಭಾಷೆಯಲ್ಲಿ ಅದಕ್ಕೆ ‘ಪರಿಗ್ರಹಣ’ ವಹಿ ಎಂಬ ಹೆಸರೂ ಉಂಟು. ನಮ್ಮ ಕಿವಿಗೆ ಆ ಶಬ್ದವು ಬೇರೊಂದು ಅರ್ಥವನ್ನು ಹೇಳುತ್ತದೆ. ಮಾಸ್ತರರು ಬೆರಳಿಟ್ಟು ಓದುತ್ತ ಹೋದರು. ಬಂದವು 214. ಗೆದ್ದಲು ತಿಂದು, ಹಾಗೂ 2019ರ ಆಗಸ್ಟ್ ತಿಂಗಳ ಅತಿವೃಷ್ಟಿಯಲ್ಲಿ ತೊಯ್ದು ನಿರುಪಯುಕ್ತವಾದವು 37. ಒಯ್ದವರು ಮರಳಿಸದೆ ಉಳಿದವು 11. ಈಗ ಕಪಾಟಿನಲ್ಲಿರುವವು 166. ಹನ್ನೊಂದನ್ನು ‘ಕಳೆದವು’ ಎಂದು ಬರೆದು ಲೆಕ್ಕ ಮುಗಿಸಬಹುದಲ್ಲ ಎಂದು ನಾನು ಸೂಚಿಸಿದೆ. ಅವರು ಒಪ್ಪಲಿಲ್ಲ. “ಕಳದಿಲ್ರಿ. ಓದೂ ಮಂದಿ ಮನ್ಯಾಗ ಅದಾವ” ಎಂದರು. ಯಾರ ಮನೆಯಲ್ಲಿ ಎಂಬುದು ಅವರ ವಹಿಯಲ್ಲಿತ್ತು, ಆದರೆ ಅವರ ಬಾಯಲ್ಲಿ ಬರಲಿಲ್ಲ.

ನಾನು ವಾಣಿಜ್ಯ ಪದವೀಧರ. ನಾಲ್ವತ್ತು ವರ್ಷಗಳಿಂದ ಕಿರ್ದಿ, ಖಾತೆ, ಶಿಲ್ಕುಗಳ ನಡುವೆ ಬದುಕಿದವನು. ಸಾಲಗಾರನು ಲೆಕ್ಕ ತಪ್ಪಿಸಿಕೊಳ್ಳುವುದನ್ನು ಬಹಳ ಕಂಡಿದ್ದೇನೆ. ಯಜಮಾನನು ಕಡಿಮೆ ಹೇಳಿದಾಗ ‘ಅಲ್ಲ, ನಿಮ್ಮದು ಹೆಚ್ಚು ಇದೆ’ ಎಂದು ತಿದ್ದುವವರನ್ನು ಬೆರಳೆಣಿಕೆಯಷ್ಟು ಕಂಡಿದ್ದೇನೆ. ಆ ಕ್ಷಣದಲ್ಲಿ ನನಗೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಒಂದು ಪದವು ನೆನಪಾಯಿತು. ಅದು ‘ನ್ಯಾಸಾಪಹಾರ’.

ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಈ ಪದಕ್ಕೆ ಕೊಟ್ಟ ವಿವರಣೆಯು ಬಹು ಸೂಕ್ಷ್ಮವಾದುದು. ಒಬ್ಬನು ಚಿನ್ನ ಮೊದಲಾದ ದ್ರವ್ಯವನ್ನು ಇನ್ನೊಬ್ಬನಲ್ಲಿ ಇಡುತ್ತಾನೆ. ಕಾಲಾಂತರದಲ್ಲಿ ಎಷ್ಟು ಇಟ್ಟಿದ್ದೆನೆಂಬುದನ್ನು ಮರೆತು ಕಡಿಮೆ ಸಂಖ್ಯೆಯನ್ನು ಹೇಳಿ ಕೇಳುತ್ತಾನೆ. ಇಟ್ಟುಕೊಂಡವನು ಸರಿಯೆಂದು ಒಪ್ಪಿ ಅಷ್ಟನ್ನೇ ಕೊಟ್ಟುಬಿಡುತ್ತಾನೆ. ಇದೇ ನ್ಯಾಸಾಪಹಾರ. ಇಲ್ಲಿ ಬೀಗ ಮುರಿದಿಲ್ಲ, ಕನ್ನ ಹಾಕಿಲ್ಲ. ಕೇಳಿದಷ್ಟನ್ನು ಕೊಟ್ಟದ್ದೂ ಉಂಟು. ಆದರೂ ಅದು ದೋಷ.

ವಿಚಾರ ಮಾಡಬೇಕಾದ ಇನ್ನೊಂದು ಸಂಗತಿಯಿದೆ. ಈ ಅತಿಚಾರವನ್ನು ಸೂತ್ರಕಾರರು ಅಚೌರ್ಯಾಣುವ್ರತದ ಕೆಳಗೆ ಇಡಲಿಲ್ಲ, ಸತ್ಯಾಣುವ್ರತದ ಕೆಳಗೆ ಇಟ್ಟರು. ಸಮಂತಭದ್ರಸ್ವಾಮಿಗಳೂ ರತ್ನಕರಂಡಕದಲ್ಲಿ ಹಾಗೆಯೇ ಇಟ್ಟಿದ್ದಾರೆ. ಏಕೆ? ನನಗೆ ತೋರುವ ಕಾರಣವಿದು. ಇಲ್ಲಿ ಕೈ ಏನನ್ನೂ ಕದಿಯುವುದಿಲ್ಲ. ವಸ್ತುವು ಮೊದಲೇ ಮನೆಯಲ್ಲಿದೆ. ಕಳವು ಪೂರ್ಣವಾಗುವುದು ಒಂದು ‘ಹೌದು’ ಎಂಬ ಮಾತಿನಿಂದ, ಇಲ್ಲವೆ ಹೇಳಬೇಕಾದುದನ್ನು ಹೇಳದ ಮೌನದಿಂದ. ಆದ್ದರಿಂದ ನ್ಯಾಸವನ್ನು ಹಿಡಿದವನ ಮೊದಲ ಧರ್ಮ ಸತ್ಯ. ಇಟ್ಟವನ ಮರೆವು ಇಟ್ಟುಕೊಂಡವನ ಆಸ್ತಿಯಾಗಲಾರದು. ನಾನು ‘ಒಂದೂವರೆ ನೂರು’ ಎಂದಾಗ ಮಾಸ್ತರರು ತಲೆಯಾಡಿಸಿದ್ದರೆ ಅವರಿಗೆ ಕಾಸಿನ ಲಾಭವೂ ಇರಲಿಲ್ಲ. ಹಾನಿಯಾದ ಪುಸ್ತಕಗಳ ವಿವರಣೆ ಕೊಡುವ ಶ್ರಮ ಉಳಿಯುತ್ತಿತ್ತು, ಅಷ್ಟೆ. ಅಷ್ಟು ಸಣ್ಣ ಸೌಕರ್ಯಕ್ಕಾಗಿಯೂ ಅವರು ಸತ್ಯವನ್ನು ಬಿಡಲಿಲ್ಲ.

ಗ್ರಾಮದ ಗ್ರಂಥಾಲಯದಲ್ಲಿ ಈ ಧರ್ಮವು ಇನ್ನೂ ಕಠಿಣವಾದುದು. ಅಂಗಡಿಯಲ್ಲಿ ಹಣವಿಟ್ಟ ರೈತನು ಒಂದು ದಿನ ಕೇಳಲು ಬಂದೇ ಬರುತ್ತಾನೆ. ಗ್ರಂಥಾಲಯದ ಒಡೆಯರು ಯಾರು? ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು ಬಂದುದು 1965ರಲ್ಲಿ. ಅದರ ಪ್ರಕಾರ ಮನೆಪಟ್ಟಿಯ ಜೊತೆಯಲ್ಲಿಯೇ ಗ್ರಂಥಾಲಯ ಕರವೆಂಬ ಒಂದು ಸಾಲನ್ನು ನಾವೆಲ್ಲರೂ ತುಂಬುತ್ತೇವೆ. ಪಾವತಿಯ ಆ ಸಾಲನ್ನು ಎಷ್ಟು ಜನ ಓದಿದ್ದೇವೆ? 2019ರಲ್ಲಿ ರಾಜ್ಯದ ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮದ ಮೂಲಕ ಹಳ್ಳಿಯ ಮಕ್ಕಳನ್ನು ಅವುಗಳ ಸದಸ್ಯರನ್ನಾಗಿ ಮಾಡಿಕೊಳ್ಳುವ ಕೆಲಸ ನಡೆಯಿತು. ಈಗ ಅವುಗಳ ಫಲಕಗಳ ಮೇಲೆ ‘ಅರಿವು ಕೇಂದ್ರ’ ಎಂಬ ಹೆಸರು ಬಂದಿದೆ. ಇಲಾಖೆ ಬದಲಾಯಿತು, ಫಲಕ ಬದಲಾಯಿತು. ಒಡೆಯರು ಮಾತ್ರ ಅವರೇ: ತಾವು ಒಡೆಯರೆಂಬುದನ್ನು ಮರೆತ ಊರ ಜನರು. ಇಟ್ಟವರೇ ಮರೆತಿರುವ ನ್ಯಾಸವನ್ನು ಗೌರವಧನದ ಮೇಲೆ ದುಡಿಯುವ ಒಬ್ಬ ಮನುಷ್ಯನು ನೆನಪಿಟ್ಟುಕೊಂಡಿದ್ದನು.

ಬೀಳ್ಕೊಡುಗೆಯ ದಿನ ನಾನೂ ಹೋದೆನು. ಶಾಲು, ಫಲತಾಂಬೂಲ, ಹೂಮಾಲೆ ಎಲ್ಲವೂ ಸಿದ್ಧವಿದ್ದವು. ಶಾಲೆಯ ಮಕ್ಕಳು ಬಾಗಿಲಲ್ಲಿ ನಿಂತಿದ್ದರು. ಅಲ್ಲಿಯ ಬೆಂಚಿನ ಮೇಲೆ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗೆ ಓದಿ ನೌಕರಿ ಪಡೆದ ಇಬ್ಬರು ತರುಣಿಯರು ರಜೆ ಹಾಕಿ ಬಂದಿದ್ದರು. ಗಡಿಭಾಗದ ಊರು, ಕನ್ನಡ ಪತ್ರಿಕೆ ಓದುವವರೂ ಮರಾಠಿ ಪತ್ರಿಕೆ ಓದುವವರೂ ಅಲ್ಲಿ ಒಂದೇ ಮೇಜಿನ ಎರಡು ಬದಿಗೆ ಕೂಡುತ್ತಿದ್ದರು. ಆ ದಿನವೂ ಹಾಗೆಯೇ ಕೂತಿದ್ದರು. ಮಾಲೆ ಹಾಕಲು ಎದ್ದಾಗ ಮಾಸ್ತರರು ಕೈಯೆತ್ತಿ ತಡೆದರು. “ಮೊದಲ ಎಣಿಸಿಕೊಳ್ರಿ, ಮಾಲಿ ಆಮ್ಯಾಲ ಹಾಕ್ರಿ” ಎಂದರು. ಸಭೆ ನಕ್ಕಿತು. ಅವರು ನಗಲಿಲ್ಲ. ಹೊಸ ಮೇಲ್ವಿಚಾರಕಿಯು ವಹಿಯನ್ನು ಹಿಡಿದು ಕಪಾಟಿನಿಂದ ಕಪಾಟಿಗೆ ಹೋದರು. ಎಣಿಕೆಗೆ ಒಂದೂವರೆ ತಾಸು ಹಿಡಿಯಿತು. ವೇದಿಕೆಯ ಮೇಲಿದ್ದ ಹಿರಿಯರು ಗಡಿಯಾರ ನೋಡತೊಡಗಿದರು. ಅವರಲ್ಲಿ ನಾನೂ ಒಬ್ಬನೆಂಬುದನ್ನು ಮುಚ್ಚಿಡಲಾರೆ. ಎಣಿಕೆ ಮುಗಿದು ರುಜು ಬಿದ್ದ ಮೇಲೆ ಅವರು ಕೀಲಿಕೈಯನ್ನೂ ಗ್ರಂಥಾಲಯದ ಮುದ್ರೆಯನ್ನೂ ಒಪ್ಪಿಸಿ, “ಇನ್ನ ನಂದೇನೂ ಇದರಾಗ ಉಳೀಲಿಲ್ಲ” ಎಂದು ಮಾಲೆಗೆ ಕೊರಳು ಬಾಗಿದರು. ಅವರ ಭಾಷಣ ಅಷ್ಟೇ.

ಮರುದಿನ ಬೆಳಿಗ್ಗೆ ಅವರು ಗ್ರಂಥಾಲಯಕ್ಕೆ ಬಂದು, ಬಾಗಿಲು ತೆರೆಯುವವರೆಗೆ ಹೊರಗಿನ ಕಟ್ಟೆಯ ಮೇಲೆ ಕಾದು, ಓದುಗರ ಹಾಜರಿ ಪುಸ್ತಕದಲ್ಲಿ ತಮ್ಮ ಹೆಸರು ಬರೆದು ಪತ್ರಿಕೆ ಓದಿ ಹೋದರೆಂದು ಕೇಳಿದೆನು. 32 ವರ್ಷ ಕೀಲಿಕೈ ಹಿಡಿದವನು ಬಾಗಿಲ ಹೊರಗೆ ಕಾಯುವುದು ಸುಲಭವಾದ ಸಾಧನೆಯಲ್ಲ. ಪರಿಗ್ರಹವು ವಸ್ತುವಿನಲ್ಲಿ ಇರುವುದಿಲ್ಲ, ವಸ್ತುವಿನ ಮೇಲಣ ಮೂರ್ಛೆಯಲ್ಲಿ ಇರುತ್ತದೆಂದು ನಮ್ಮ ಶಾಸ್ತ್ರವು ಸಾರುತ್ತದೆ. ತನ್ನದಲ್ಲದ ವಸ್ತುವಿನ ಮೇಲೆಯೂ ಮೂರ್ಛೆಯು ಬೆಳೆಯಬಲ್ಲದು. ಸೇವೆಯ ಹೆಸರಿನಲ್ಲಿ ಬೆಳೆಯುವ ಮೂರ್ಛೆಯನ್ನು ಗುರುತಿಸುವುದು ಇನ್ನೂ ಕಷ್ಟ. ಜೀವಮಾನವಿಡೀ ಒಂದೇ ಕುರ್ಚಿಯಲ್ಲಿ ಕೂಡುವ ನಮ್ಮಂಥ ವಿಶ್ವಸ್ಥರು ಇದನ್ನು ತಮಗೆ ತಾವೇ ಕೇಳಿಕೊಳ್ಳಬೇಕು.

ನಮ್ಮ ತಾಲೂಕಿನ ಮಣ್ಣಿಗೆ ಈ ವಿಚಾರವು ಹೊಸದಲ್ಲ. ಖಾನಾಪುರದ ಸಮೀಪದ ಹಲಸಿಯು ಕದಂಬರ ಕಾಲದ ಪಲಾಶಿಕೆ. ಅಲ್ಲಿ ದೊರೆತ ತಾಮ್ರಶಾಸನಗಳಿಂದ, ಮೃಗೇಶವರ್ಮನು ತನ್ನ ತಂದೆಯ ಸ್ಮರಣೆಗಾಗಿ ಅಲ್ಲಿ ಜಿನಾಲಯವನ್ನು ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕ ಸಂಘಗಳಿಗೆ ಭೂಮಿಯನ್ನು ಕೊಟ್ಟುದೂ, ರವಿವರ್ಮನು ಮಳೆಗಾಲದ ನಾಲ್ಕು ತಿಂಗಳು ಯತಿಗಳ ಆಹಾರಕ್ಕೆ ವ್ಯವಸ್ಥೆ ಮಾಡಿದುದೂ ತಿಳಿಯುತ್ತದೆ. ನಮ್ಮ ನಾಡಿನ ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಅಭಿಪ್ರಾಯವೊಂದಿದೆ: ಕೊಡುವುದಕ್ಕಿಂತ, ಕೊಟ್ಟುದನ್ನು ಪಾಲಿಸುವುದು ಹೆಚ್ಚಿನದು. ಕೊಡುವವನಿಗೆ ಒಂದು ದಿನದ ಉದಾರತೆ ಸಾಕು. ಪಾಲಿಸುವವನಿಗೆ ಪ್ರತಿದಿನದ ಎಚ್ಚರ ಬೇಕು. ಇದಕ್ಕೆ ನಾನು ಮೂರನೆಯದೊಂದನ್ನು ಸೇರಿಸಬಯಸುತ್ತೇನೆ. ಪಾಲಿಸಿದುದನ್ನು ಮುಂದಿನವರ ಕೈಗೆ ಕುಂದಿಲ್ಲದೆ ದಾಟಿಸದಿದ್ದರೆ ಕೊಟ್ಟುದೂ ಪಾಲಿಸಿದುದೂ ಎರಡೂ ವ್ಯರ್ಥ.

ಹೀಗೆ ದಾಟಿಸುವುದರ ಆದರ್ಶವನ್ನು ಧರಸೇನಾಚಾರ್ಯರಲ್ಲಿ ಕಾಣುತ್ತೇವೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಆ ವೃದ್ಧರಿಗೆ ತಮ್ಮೊಡನೆ ಶ್ರುತವು ನಷ್ಟವಾಗುವುದೆಂಬ ಭಯ ಬಂತು. ದಕ್ಷಿಣಾಪಥದ ಮುನಿಸಂಘಕ್ಕೆ ಹೇಳಿ ಕಳುಹಿಸಿ ಇಬ್ಬರನ್ನು ಕರೆಸಿಕೊಂಡರು. ಅವರನ್ನು ಪರೀಕ್ಷಿಸಿದ ಬಗೆಯನ್ನು ಗಮನಿಸಿರಿ: ಒಬ್ಬರಿಗೆ ಒಂದಕ್ಷರ ಹೆಚ್ಚಾದ ಮಂತ್ರ, ಇನ್ನೊಬ್ಬರಿಗೆ ಒಂದಕ್ಷರ ಕಡಿಮೆಯಾದ ಮಂತ್ರ. ಇಬ್ಬರೂ ದೋಷವನ್ನು ಗುರುತಿಸಿ ತಿದ್ದಿಕೊಂಡರು. ಶ್ರುತವನ್ನು ಹೊರುವವನು ಒಂದಕ್ಷರವನ್ನೂ ಕೂಡಿಸಬಾರದು, ಒಂದಕ್ಷರವನ್ನೂ ಕಳೆಯಬಾರದು ಎಂಬುದೇ ಆ ಪರೀಕ್ಷೆಯ ಸಾರ. ಉಪದೇಶ ಮುಗಿದ ದಿನವೇ ಆಚಾರ್ಯರು ಶಿಷ್ಯರನ್ನು ಬೀಳ್ಕೊಟ್ಟರು. ತಮ್ಮ ಅಂತ್ಯವನ್ನು ಕಂಡು ಅವರು ದುಃಖಿಸಬಾರದೆಂಬುದು ಅವರ ಭಾವನೆಯಾಗಿತ್ತೆಂದು ಪರಂಪರೆ ಹೇಳುತ್ತದೆ. ಆ ಶಿಷ್ಯರೇ ಪುಷ್ಪದಂತ, ಭೂತಬಲಿಗಳು. ಪುಷ್ಪದಂತರು ನಮ್ಮ ವನವಾಸಿ ದೇಶಕ್ಕೆ ಬಂದು ಷಟ್ಖಂಡಾಗಮದ ಮೊದಲ ಸೂತ್ರಗಳನ್ನು ರಚಿಸಿ ಜಿನಪಾಲಿತನ ಕೈಯಲ್ಲಿ ಭೂತಬಲಿಗಳಿಗೆ ಕಳುಹಿಸಿದರು. ಶ್ರುತಪಂಚಮಿಯನ್ನು ನಾವು ಆಚರಿಸುವುದು ಈ ಕೈದಾಟುವಿಕೆಯ ನೆನಪಿಗಾಗಿ.

ಆದರೆ ಇಲ್ಲಿ ಒಂದು ಕಠಿಣ ಆಕ್ಷೇಪವು ಏಳುತ್ತದೆ. ಮುಂದಿನವರು ಸರಿಯಾಗಿ ನೋಡಿಕೊಳ್ಳದಿದ್ದರೆ? ನಮ್ಮಲ್ಲಿಯೇ ಭದ್ರವಾಗಿರುವುದು ಲೇಸಲ್ಲವೆ? ಮೂಡುಬಿದಿರೆಯ ಸಿದ್ಧಾಂತ ಬಸದಿಯ ಇತಿಹಾಸವು ಈ ಆಕ್ಷೇಪದ ಎರಡೂ ಮುಖಗಳನ್ನು ತೋರಿಸುತ್ತದೆ. ಧವಲಾ, ಜಯಧವಲಾ, ಮಹಾಬಂಧಗಳ ತಾಳೆಗರಿಯ ಪ್ರತಿಗಳನ್ನು ಅಲ್ಲಿಯವರು ಶತಮಾನಗಳ ಕಾಲ ಕಾಪಾಡಿಕೊಂಡು ಬಂದರು. ಅವರು ಕಾಪಾಡದಿದ್ದರೆ ಅವು ಇಂದು ನಮಗಿಲ್ಲ. ಆದರೆ ಬಹುಕಾಲ ಅವು ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು, ಓದಿಗೆ ದೊರೆಯುತ್ತಿರಲಿಲ್ಲ. 1896ರ ಸುಮಾರಿಗೆ ಅಲ್ಲಿಯೇ ಇಡಲೆಂದು ಪ್ರತಿ ಮಾಡಿಸುವ ಕಾರ್ಯ ಆರಂಭವಾಯಿತು. ಆ ಕಾರ್ಯದಲ್ಲಿದ್ದ ಪಂಡಿತರೊಬ್ಬರು, ಉಪಗೂಹನವನ್ನು ನೆನೆದು ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ತಮ್ಮ ವಿದುಷಿ ಪತ್ನಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿ ಹೊರಗೆ ತಂದರು. ಸೊಲ್ಲಾಪುರದ ಸೇಠ ಹೀರಾಚಂದ ನೇಮಚಂದರು ಅದನ್ನು ಸ್ವೀಕರಿಸಲಿಲ್ಲ. ಕೊನೆಗೆ ಅದು ಸಹಾರನಪುರಕ್ಕೆ ಹೋಯಿತು. ಅಲ್ಲಿಂದ ಹರಡಿದ ಪ್ರತಿಗಳ ಆಧಾರದಿಂದ ಪ್ರೊ. ಹೀರಾಲಾಲ ಜೈನರು 1939ರಲ್ಲಿ ಧವಲೆಯ ಮೊದಲ ಸಂಪುಟವನ್ನು ಪ್ರಕಟಿಸಿದರು. 1958ರ ವೇಳೆಗೆ 16 ಸಂಪುಟಗಳು ಪೂರ್ಣವಾದವು. ನಡುವೆ ಮೂಡುಬಿದಿರೆಯವರೂ ಉದಾರ ಮನಸ್ಸಿನಿಂದ ಮೂಲ ತಾಳೆಪ್ರತಿಗಳೊಡನೆ ಪಾಠವನ್ನು ಹೋಲಿಸಲು ಅವಕಾಶವಿತ್ತರು.

ಇದರಲ್ಲಿ ಯಾರದು ಸರಿ? ಫಲವನ್ನು ನೋಡಿದರೆ ಜಗತ್ತಿಗೆ ಮಹೋಪಕಾರವಾಯಿತು. ವಿಧಾನವನ್ನು ನೋಡಿದರೆ ನಂಬಿಕೆಯ ಭಂಗವಾಯಿತು. ತಿರಸ್ಕರಿಸಿದ ಸೇಠರು ತಪ್ಪು ಮಾಡಿದರೆಂದು ನನ್ನ ನಾಲಗೆ ಹೇಳಲಾರದು; ಆ ಪ್ರತಿಯಿಂದ ಸ್ವಾಧ್ಯಾಯ ಮಾಡಿದವರು ತಪ್ಪು ಮಾಡಿದರೆಂದೂ ಹೇಳಲಾರದು. ಒಂದು ಮಾತನ್ನು ಮಾತ್ರ ನಿಶ್ಚಯವಾಗಿ ಹೇಳಬಹುದು. ಪ್ರಾಮಾಣಿಕರಿಗೆ ಬಾಗಿಲು ಮುಚ್ಚಿದ್ದರಿಂದಲೇ ಗುಟ್ಟಿನ ದಾರಿ ಹುಟ್ಟಿತು. ಅತಿಯಾದ ರಕ್ಷಣೆಯೂ ನ್ಯಾಸದ ಒಂದು ದೋಷವೇ. ಪುಸ್ತಕವಿರುವುದು ಉಪಯೋಗಕ್ಕಾಗಿ ಎಂಬುದನ್ನೇ ಗ್ರಂಥಾಲಯ ಶಾಸ್ತ್ರದ ಪಿತಾಮಹರಾದ ಎಸ್. ಆರ್. ರಂಗನಾಥನ್ನರು 1931ರಲ್ಲಿ ತಮ್ಮ ಐದು ಸೂತ್ರಗಳಲ್ಲಿ ಮೊದಲನೆಯದನ್ನಾಗಿ ಇಟ್ಟರು. ನಮ್ಮ ಹಳ್ಳಿಯ ಮಾಸ್ತರರು ಅದನ್ನು ತಮ್ಮ ಮಾತಿನಲ್ಲಿ ಹೇಳಿದ್ದರು: ಕಳೆದಿಲ್ಲ, ಓದುವವರ ಮನೆಯಲ್ಲಿವೆ.

ಇಷ್ಟನ್ನೆಲ್ಲ ಬರೆಯುವ ಅಧಿಕಾರ ನನಗಿದೆಯೆ? ಈಗ ನನ್ನ ಲೆಕ್ಕವನ್ನು ಒಪ್ಪಿಸಬೇಕು.

ಆ ಸಮಾರಂಭದಿಂದ ಮನೆಗೆ ಬಂದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಮ್ಮ ಮನೆಯ ಅಟ್ಟದ ಮೇಲೆ ಒಂದು ಸಾಗವಾನಿ ಪೆಟ್ಟಿಗೆಯಿದೆ. ಅದು ಅದೇ ಗ್ರಾಮದ ಬಸದಿಯದು. 1989ರಲ್ಲಿ ಬಸದಿಯ ಮಾಳಿಗೆ ಸೋರಿ ದುರಸ್ತಿ ನಡೆದಾಗ, ಪಂಚರಲ್ಲಿ ಒಬ್ಬರಾಗಿದ್ದ ನನ್ನ ತೀರ್ಥರೂಪರು ಶಾಸ್ತ್ರಗ್ರಂಥಗಳನ್ನು ಮಳೆಯಿಂದ ಉಳಿಸಲು ಅದನ್ನು ಬೆಳಗಾವಿಗೆ ತಂದಿದ್ದರು. ಮಾಳಿಗೆ ಆ ವರ್ಷವೇ ಸರಿಯಾಯಿತು. ಪೆಟ್ಟಿಗೆ ಮರಳಲಿಲ್ಲ. ಆಗಿನ ಪಂಚರೆಲ್ಲರೂ ಕಾಲವಾದರು. ಈಗಿನ ಟ್ರಸ್ಟಿನವರಿಗೆ ಅಂಥದೊಂದು ಪೆಟ್ಟಿಗೆ ಇತ್ತೆಂಬುದೇ ತಿಳಿಯದು. ಪ್ರತಿ ಶ್ರುತಪಂಚಮಿಯಂದು ನಾನು ಕೆಳಗೆ ಜಿನವಾಣಿಯ ಪೂಜೆ ಮಾಡುತ್ತಿದ್ದೆನು. ಮೇಲೆ ಜಿನವಾಣಿಯು ಧೂಳಿನಲ್ಲಿತ್ತು. ಸ್ವಾಧ್ಯಾಯದಲ್ಲಿ ನ್ಯಾಸಾಪಹಾರದ ಅರ್ಥವನ್ನು ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗ ಒಮ್ಮೆಯೂ ಕಣ್ಣು ಅಟ್ಟದ ಕಡೆಗೆ ಹೋಗಲಿಲ್ಲ.

ಮರುದಿನ ಪೆಟ್ಟಿಗೆಯನ್ನು ಇಳಿಸಿದೆ. ಮುಚ್ಚಳದ ಒಳಬದಿಗೆ ತೀರ್ಥರೂಪರ ಕೈಬರಹದ ಚೀಟಿ ಅಂಟಿಸಿತ್ತು: ಕೈಬರಹದ ವಹಿಗಳು 7, ಅಚ್ಚಾದ ಗ್ರಂಥಗಳು 48, ಮಾಳಿಗೆ ಕೆಲಸ ಮುಗಿಯುವತನಕ. ಎಣಿಸಿದೆ. ವಹಿಗಳು ಏಳೂ ಇದ್ದವು. ಅಚ್ಚಿನ ಗ್ರಂಥಗಳು 46. ಒಂದನ್ನು ಬಹಳ ಹಿಂದೆ ಬಂಧುಗಳೊಬ್ಬರಿಗೆ ನಾನೇ ಕೊಟ್ಟ ನೆನಪು. ಇನ್ನೊಂದರ ಸುಳಿವಿಲ್ಲ. ಆಗ ನನ್ನ ಮನಸ್ಸು ಏನು ಹೇಳಿತೆಂಬುದನ್ನು ಬರೆದರೆ ವಾಚಕರು ಕ್ಷಮಿಸಬೇಕು. ಚೀಟಿಯನ್ನು ಕಿತ್ತು ತೆಗೆದು, 53 ಗ್ರಂಥಗಳ ಪೆಟ್ಟಿಗೆಯನ್ನು ‘ದಾನ’ವೆಂದು ಒಪ್ಪಿಸಿದರೆ ಸನ್ಮಾನವೂ ದೊರೆತೀತು ಎಂದಿತು. ಅರವತ್ತು ದಾಟಿದ, ಅಣುವ್ರತಗಳನ್ನು ಬಾಯಿಪಾಠ ಮಾಡಿದ ಮನಸ್ಸು ಅದು.

ಈ ವರ್ಷದ ಶ್ರುತಪಂಚಮಿಯಂದು ಪೆಟ್ಟಿಗೆಯನ್ನು ಬಸದಿಗೆ ಒಯ್ದೆನು. ಟ್ರಸ್ಟಿನ ಅಧ್ಯಕ್ಷರು ನನ್ನ ಮಗನ ಓರಗೆಯವರು. “ಕಾಕಾ, ಎಷ್ಟ ಪುಸ್ತಕ ಅದಾವ್ರಿ?” ಎಂದು ಕೇಳಿದರು. “ಐವತ್ತೈದು. ಅದರಾಗ ಎರಡು ನನ್ನ ಕೈಯಾಗ ಕಳದಾವು” ಎಂದೆ. ನನ್ನ ತೀರ್ಥರೂಪರು ಬರೆದ ಚೀಟಿಯನ್ನು ಮುಚ್ಚಳದ ಮೇಲೆ ಹಾಗೆಯೇ ಬಿಟ್ಟೆನು. ಬಂಧುಗಳಿಗೆ ಕೊಟ್ಟುದು ದೊರೆಯಿತು, ಮರಳಿ ಬಂದಿದೆ. ಇನ್ನೊಂದು ಇನ್ನೂ ನನ್ನ ಖಾತೆಯಲ್ಲಿಯೇ ಇದೆ.

ಬಸದಿಗಳ ಆಡಳಿತ ಮಂಡಳಿಗಳಿಗೆ ನನ್ನ ವಿನಂತಿ ಇಷ್ಟು. ಶಾಸ್ತ್ರಭಂಡಾರದ ಯಾದಿಯೊಂದನ್ನು ಮಾಡಿಸಿರಿ. ಪ್ರತಿ ಶ್ರುತಪಂಚಮಿಯಂದು ಪೂಜೆಗೆ ಮೊದಲು ಎಣಿಸಿ, ಸಂಖ್ಯೆಯನ್ನು ಸಮಾಜದ ಮುಂದೆ ಓದಿ ಹೇಳಿರಿ. ಕಾರ್ಯಕಾರಿ ಮಂಡಳಿ ಬದಲಾಗುವಾಗ ಹಾರತುರಾಯಿಗಿಂತ ಮೊದಲು ಯಾದಿಗೆ ರುಜು ಆಗಲಿ. ಓದಲು ಕೇಳುವವರಿಗೆ ಹೆಸರು ಬರೆಸಿಕೊಂಡು ಕೊಡಿರಿ; ಕೈಬರಹದ ಪ್ರತಿಗಳಾದರೆ ಛಾಯಾಚಿತ್ರ ತೆಗೆಸಿ ಅದನ್ನು ಕೊಡಿರಿ. ಕೊಟ್ಟುದು ಬರದಿದ್ದರೆ ವಿನಯದಿಂದ ಕೇಳಿರಿ, ಆದರೆ ಅದಕ್ಕಾಗಿ ಕಪಾಟಿಗೆ ಬೀಗ ಹಾಕಬೇಡಿರಿ.

ವಾಚಕರಲ್ಲಿ ಇನ್ನೊಂದು ಪ್ರಾರ್ಥನೆ. ನಿಮ್ಮ ಮನೆಯ ಅಟ್ಟದ ಮೇಲೆಯೂ ಒಂದು ಪೆಟ್ಟಿಗೆ ಇರಬಹುದು. ಅದರಲ್ಲಿ ಗ್ರಂಥಗಳೇ ಇರಬೇಕೆಂದಿಲ್ಲ. ಕೇಳುವವರು ಬರಲೆಂದು ಕಾಯಬೇಡಿರಿ, ಅವರು ಮರೆತಿದ್ದಾರೆ. ಇಳಿಸಿ, ಎಣಿಸಿ, ಕುಂದನ್ನೂ ಸೇರಿಸಿ ಪೂರ್ಣ ಸಂಖ್ಯೆಯನ್ನು ಹೇಳಿ ಒಪ್ಪಿಸಿರಿ. ನಮ್ಮೂರಿನ ಮಾಸ್ತರರು ಈಗಲೂ ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆರೆಯುವುದನ್ನು ಕಟ್ಟೆಯ ಮೇಲೆ ಕುಳಿತು ಕಾಯುತ್ತಾರೆ. ಬಸದಿಗೆ ಹೋದಾಗ ಅವರನ್ನು ಕಂಡು ಕೈಮುಗಿದೆನು. ಏಕೆಂದು ಅವರು ಕೇಳಲಿಲ್ಲ. ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.